ಕಾಟಾದ ಮುಳ್ಳು ಅಲ್ಲೇ ಯಾಕ ನಿಂತದ?

ನಮ್ಮ ಅವ್ವಗ ತನ್ನ ತೂಕ ಎಷ್ಟು ಅಂತ ಯಾವತ್ತೂ ಗೊತ್ತಿರಲಿಲ್ಲ. ಕಮಲಾಪುರದ ನಮ್ಮ ಮನ್ಯಾಗ ತೂಗೋದು ಅಂದ್ರ ಜ್ವಾಳ, ತೊಗರಿ, ಬೆಲ್ಲ, ಇಲ್ಲಂದ್ರ ಅಕ್ಕಸಾಲಿ ಹತ್ರ ಗುಂಜಿ ಬಂಗಾರ. ಸೇರು, ಛಟಾಕು ಹೋಗಿ ಕಿಲೋ ಬಂದದ್ದು 1956ರ ಕಾಯ್ದೆಯಿಂದ. 1958ರ ಅಕ್ಟೋಬರ್‌ದಿಂದ ಒಂದೊಂದೇ ಕಡೆ ಜಾರಿ ಆಯ್ತು. ಅವ್ವ ಮಾತ್ರ ಕೊನೀತನಕ ಸೇರಿನ್ಯಾಗೇ ಲೆಕ್ಕ ಹಾಕಿದಳು. ಮನುಷ್ಯಾರನ್ನ ತೂಗೋದು ತುಲಾಭಾರದ ಹರಕಿ ಇದ್ದಾಗ, ಅದೂ ಬೆಲ್ಲದ ಎದುರು. ದೊಡ್ಡ ರೈಲ್ವೆ ಸ್ಟೇಷನ್‌ನ್ಯಾಗ ಬಣ್ಣದ ಲೈಟ್ ಹತ್ತೋ ಮಷೀನ್ ಇರ್ತಿದ್ವು, ರೊಕ್ಕ ಹಾಕಿದ್ರ ತೂಕದ ಜೋಡಿ ಭವಿಷ್ಯ ಬರ್ದ ಚೀಟಿ ಬೀಳ್ತಿತ್ತು. ನಾವು ಹುಡುಗ್ಯಾರು ತೂಕ ನೋಡ್ತಿರಲಿಲ್ಲ, ಭವಿಷ್ಯ ಓದ್ತಿದ್ವಿ.

ಈಗ ಮನಿಗೊಂದು ಗಾಜಿನ ಕಾಟಾ ಬಂದದ. ಉಗಾದಿ ಆದಮ್ಯಾಲೆ ನಮ್ಮ ಓಣಿಯ ಐದು ಮಂದಿ ಕೂಡಿ ಅಪ್ಪನ ಕೆರಿ ಸುತ್ತ ಮುಂಜಾನಿ ನಡಿಯಾಕ ಸುರು ಮಾಡೀವಿ. ಮೊದಲನೇ ವಾರ ಎಲ್ಲಾರ್ದೂ ಒಂದು, ಒಂದೂವರಿ ಕಿಲೋ ಇಳೀತು. ಖುಷಿಯೋ ಖುಷಿ. ಮೂರನೇ ವಾರಕ್ಕ ಬಂದ ಕೂಡಲೇ ಮುಳ್ಳು ನಿಂತುಬಿಡ್ತು. ಒಬ್ಬಾಕಿ ಥೈರಾಯ್ಡ್ ಅಂದಳು, ಇನ್ನೊಬ್ಬಾಕಿ "ನಮ್ಮ ವಂಶದ ಮೈನೇ ಹಿಂಗ" ಅಂದು ಚಪ್ಪಲಿ ಮೂಲಿಗಿಟ್ಟಳು. ಶುಗರಿನ ಗುಳಿಗಿ ತಗೊಳ್ಳೋ ಒಬ್ಬಾಕಿ ಯಾರಿಗೂ ಹೇಳದಾಂಗ ರಾತ್ರಿ ಊಟಾನೇ ಬಿಟ್ಟಳು. ಆಕಿ ಸಲುವಾಗೇ ನಾ ಇದನ್ನ ಓದಾಕ ಕುಂತದ್ದು. ನನ್ನ ಓದು ಪಿಯುಸಿ ತನಕ, ಡಾಕ್ಟರ್ ಅಲ್ಲ. ಆದ್ರ ಓದ್ತಾ ಹೋದಾಂಗ ಗೊತ್ತಾತು, ಈ ಪ್ರಶ್ನೆ ನಮ್ಮ ಓಣ್ಯಾಗ ಹುಟ್ಟಿದ್ದಲ್ಲ, ನಾಕು ನೂರು ವರ್ಷದ್ದು.

ಇಟಲಿ ದೇಶದಾಗ ಸ್ಯಾಂಕ್ಟೋರಿಯಸ್ ಅಂತ ಒಬ್ಬ ವೈದ್ಯ ಇದ್ದ. ಪಡುವಾ ಊರಿನ ವಿಶ್ವವಿದ್ಯಾಲಯದಾಗ ಪಾಠ ಹೇಳ್ತಿದ್ದ. ಅವ ಏನ ಮಾಡಿದ ಅಂದ್ರ, ದೊಡ್ಡ ತಕ್ಕಡಿಗಿ ಒಂದು ಕುರ್ಚಿ ತೂಗಿಬಿಟ್ಟು ಅದರ ಮ್ಯಾಲೇ ಕುಂತು ಊಟ ಮಾಡ್ತಿದ್ದ. ಉಂಡದ್ದು, ಕುಡದದ್ದು, ಹೊರಗ ಹೋದದ್ದು, ಎಲ್ಲಾ ತೂಗಿ ಬರ್ದಿಡ್ತಿದ್ದ. ಒಂದು ದಿನ ಅಲ್ಲ, ಸುಮಾರು ಮೂವತ್ತು ವರ್ಷ. (ಅವನ ಮನ್ಯಾಗ ಅಡಗಿ ಮಾಡೋರು ಯಾರಿದ್ರೋ, ಅವರ ತಾಳ್ಮಿಗಿ ದೊಡ್ಡ ನಮಸ್ಕಾರ.) 1614ರಾಗ ಪುಸ್ತಕ ಬರ್ದ. ದಿನಕ್ಕ 8 ಪೌಂಡು ಒಳಗ ಹೋದ್ರ ಸುಮಾರು 5 ಪೌಂಡು ಕಣ್ಣಿಗಿ ಕಾಣದಾಂಗ ಹೋಗ್ತದ ಅಂದ. ಉಸಿರಿನ ಜೋಡಿ, ಚರ್ಮದಿಂದ, ಆವಿ ಆಗಿ.

ಅಂದ್ರ ಕಾಟಾ ಮ್ಯಾಲೆ ನಿಂತಾಗ ಅದು ನಮ್ಮ ಕೊಬ್ಬನ್ನ ತೂಗಲ್ಲ. ರಾತ್ರಿ ಉಂಡ ರೊಟ್ಟಿ, ಕುಡದ ನೀರು, ಹೊಟ್ಟ್ಯಾಗ ಉಳದದ್ದು, ಎಲುಬು, ರಕ್ತ, ಎಲ್ಲಾ ಕೂಡಿಸಿ ಒಂದೇ ನಂಬರ್ ತೋರಿಸ್ತದ. ಗಂಜಿನ್ಯಾಗ ಹಮಾಲರು ಚೀಲ ತೂಗುವಾಗ ಗೋಣಿಚೀಲದ ತೂಕ ಕಳೀತಾರ. ನಮ್ಮ ಕಾಟಾಕ್ಕ ಆ ಬುದ್ಧಿ ಇಲ್ಲ.

ಮೊದಲನೇ ವಾರ ಇಳದದ್ದು ಏನು ಹಂಗಾರ? ಬಹುತೇಕ ನೀರು. ನಾವು ತಿಂದ ರೊಟ್ಟಿ, ಅನ್ನದ ಸಕ್ಕರಿಯನ್ನ ಮೈ ಗ್ಲೈಕೋಜನ್ ಮಾಡಿ ಸ್ನಾಯುದಾಗ, ಯಕೃತ್ತಿನ್ಯಾಗ ಕೂಡಿಡ್ತದ. ಇದನ್ನ 1857ರಾಗ ಬ್ಯಾರೆ ಮಾಡಿ ತಗದು ತೋರಿಸಿದವ ಫ್ರಾನ್ಸಿನ ಕ್ಲೋದ್ ಬರ್ನಾರ್. ನಾವು ಗಡಿಗ್ಯಾಗ ಕಾಳು ಇಟ್ಟಂಗ ಅನ್ರಿ, ಆದ್ರ ಈ ಕಾಳು ಒಣಗಿದ್ದಲ್ಲ, ನೆನದದ್ದು. ಒಂದು ಗ್ರಾಂ ಗ್ಲೈಕೋಜನ್ ಜೋಡಿ ಸುಮಾರು 3 ಗ್ರಾಂ ನೀರು ಇರ್ತದ. ಅಂಥಾದ್ದು ನಮ್ಮ ಮೈಯಾಗ ನಾಕೈದು ನೂರು ಗ್ರಾಂ. ಊಟ ಕಮ್ಮಿ ಮಾಡಿದ ಕೂಡಲೇ ಅದು ಖರ್ಚಾಗಿ ನೀರೂ ಹೋಗ್ತದ, ಕಾಟಾ ಜರ್ರನ ಇಳೀತದ. ಆಮ್ಯಾಲೆ ದಿನಾ ನಡಿಯೋ ರೂಢಿ ಆದಾಗ ಕಾಲಿನ ಸ್ನಾಯು ನಾಳಿಗಿ ಬೇಕು ಅಂತ ಮತ್ತ ತುಂಬಿಕೊಳ್ತಾವ. ಹೊಸದಾಗಿ ನಡದು ಮೀನಖಂಡ ನೋಯ್ತಾವಲ್ಲ, ಆ ನೋವಿನ ಜಾಗಕ್ಕೂ ನೀರು ಸೇರ್ತದ. ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ, ತಿಂಗಳ ದಿನದ ಮುಂಚೆ, ಆಗೂ ನೀರು ನಿಲ್ತದ.

ಇನ್ನ ಕೊಬ್ಬಿನ ಲೆಕ್ಕ ಕೇಳ್ರಿ. ಒಂದು ಕಿಲೋ ಮೈಕೊಬ್ಬು ಅಂದ್ರ ಸುಮಾರು 7,700 ಕ್ಯಾಲರಿ. ಎಪ್ಪತ್ತು ಕಿಲೋ ಇದ್ದಾಕಿ ನಾಕು ಕಿಲೋಮೀಟರ್ ನಡದ್ರ ಖರ್ಚಾಗೋದು ಸುಮಾರು 200. ಊಟ ಮೊದಲಿನಷ್ಟೇ ಇದ್ರ ಒಂದು ಕಿಲೋ ಕರಗಾಕ ಮೂವತ್ತೆಂಟು ದಿನ ಬೇಕು. ಮೂರು ವಾರಕ್ಕ ಅರ್ಧ ಕಿಲೋ ಆದ್ರೂ ಭಾಳಾತು. ಆ ಅರ್ಧ ಕಿಲೋನ ಎರಡು ಲೋಟ ನೀರು ಮುಚ್ಚಿ ಹಾಕ್ತದ. ಕರಗ್ಯಾದ, ಕಾಣಸ್ತಿಲ್ಲ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೇ ಪಟ್ಟಿ ಪ್ರಕಾರ 100 ಗ್ರಾಂ ಸೇಂಗಾದಾಗ 567 ಕ್ಯಾಲರಿ, ಅಂದ್ರ 35 ಗ್ರಾಂ ಸೇಂಗಾ ತಿಂದ್ರ ಆ ದಿನದ ನಡಿಗಿ ವಸೂಲ್. ನಡದು ಬಂದ ಹಸಿವಿಗಿ ರೊಟ್ಟಿ ಮ್ಯಾಲೆ ಸೇಂಗಾ ಹಿಂಡಿ, ಅದರ ಮ್ಯಾಲೆ ಕುಸುಬಿ ಎಣ್ಣಿ ಸುರಕೋತೀವಲ್ಲ, ಅದನ್ನ ನಾವ್ಯಾರೂ ಲೆಕ್ಕಕ್ಕ ಹಿಡಿಯಲ್ಲ.

"ನಮ್ಮ ಆಯಿ ಇದನ್ನೇ ತಿಂದು ಕಡ್ಡಿ ಇದ್ದಂಗ ಇದ್ದಳು" ಅಂತ ನೀವು ಅಂತೀರಿ. ಖರೇ. ಆದ್ರ ಆಯಿ ನಸುಕಿನ್ಯಾಗ ಎದ್ದು ಆ ದಿನದ ಜ್ವಾಳ ಬೀಸಿದ ಮ್ಯಾಲೇನೇ ರೊಟ್ಟಿ. ಬೀಸೋಕಲ್ಲಿನ ಗೂಟಾ ಹಿಡದು ಒಂದು ತಾಸು ತಿರುವಿದ್ರ ರಟ್ಟಿ, ಬೆನ್ನು, ಹೊಟ್ಟಿ ಎಲ್ಲಾ ಕೆಲಸ ಮಾಡ್ತಿದ್ವು. ಅದಕ್ಕೇ ದಣಿವು ಮರೀಲಿ ಅಂತ ಬೀಸೋ ಪದ ಹಾಡ್ತಿದ್ರು. ಮ್ಯಾಲೆ ಬಾವಿಯಿಂದ ಕೊಡ, ಹೊಲದ ಕಳೆ, ಬೆನ್ನಿಗಿ ಕೂಸು. ಹಿಟ್ಟಿನ ಗಿರಣಿ ಬಂತು, ಆಮ್ಯಾಲೆ ನಳ, ಗ್ಯಾಸ್, ಮಿಕ್ಸರ್. ಬರಲಿ, ಬೀಸೋಕಲ್ಲು ವಾಪಸ್ ಬೇಕು ಅನ್ನೋಳು ನಾ ಅಲ್ಲ. ಆ ಕಲ್ಲಿನ ಮುಂದ ನಮ್ಮ ಅವ್ವನ ಹೆಗಲು ಸವದದ್ದು ನಾ ನೋಡೀನಿ. ಆದ್ರ ಕೆಲಸ ಹೋತು, ರೊಟ್ಟಿ ಎಣಿಕಿ ಹಂಗೇ ಉಳೀತು. ಮುಂಜಾನಿಯ ನಲವತ್ತು ನಿಮಿಷದ ನಡಿಗಿ ಆ ಇಡೀ ದಿನದ ದುಡಿತಕ್ಕ ಸಮ ಆಗಲ್ಲ.

ಹಂಗಾರ ಊಟ ಬಿಟ್ಟರಾತು ಅನ್ನೋರಿಗೆ ಅಮೆರಿಕಾದ ಒಂದು ಕಥಿ ಹೇಳ್ಬೇಕು. ಎರಡನೇ ಮಹಾಯುದ್ಧದ ಕಾಲಕ್ಕ, 1944ರ ನವೆಂಬರ್‌ದಿಂದ, ಮಿನ್ನೆಸೋಟಾ ವಿಶ್ವವಿದ್ಯಾಲಯದಾಗ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಹುಡುಗರನ್ನ ಇಟ್ಟುಕೊಂಡು ಪರೀಕ್ಷೆ ಮಾಡಿದ. ಯುದ್ಧ ಮಾಡಲ್ಲ ಅಂದ ಹುಡುಗರವರು, ಹಸದ ದೇಶಗಳಿಗೆ ಉಪಯೋಗ ಆಗ್ಲಿ ಅಂತ ತಾವಾಗೇ ಬಂದಿದ್ರು. ಆರು ತಿಂಗಳು ದಿನಕ್ಕ ಸುಮಾರು 1,570 ಕ್ಯಾಲರಿ ಊಟ, ವಾರಕ್ಕ 35 ಕಿಲೋಮೀಟರ್ ನಡಿಗಿ. ಮೈಯ ನಾಕನೇ ಒಂದು ಪಾಲು ಇಳೀತು. ಜೋಡಿಗೇ ಮೈ ತನ್ನ ಖರ್ಚು ಇಳಿಸಿತು: ಸುಮ್ನ ಮಲಗಿದ್ರೂ ಉರಿಯೋ ಶಕ್ತಿ ಸುಮಾರು ನೂರಕ್ಕ ನಲವತ್ತು ಕಮ್ಮಿ. ಬ್ಯಾಸಗ್ಯಾಗೂ ಚಳಿ ಅಂತಿದ್ರು. ಅಡಗಿ ಪುಸ್ತಕ ಓದ್ಕೋತ ಕೂಡ್ತಿದ್ರು. ಕಾಲು ಬಾತು ನೀರು ತುಂಬ್ಕೊಂಡ್ವು. ಒಳಗ ಮಾಂಸ ಕರಗ್ತಿದ್ರೂ ಆ ನೀರಿನ ತೂಕ ಕಾಟಾಕ್ಕ ಅದನ್ನ ಪೂರಾ ತೋರಿಸಗೊಡಲಿಲ್ಲ.

ನಮ್ಮ ಶುಗರಿನ ಗೆಳತಿಗೂ ಆದದ್ದು ಅದರ ತಮ್ಮನೇ. ರಾತ್ರಿ ಊಟ ಇಲ್ಲ, ಗುಳಿಗಿ ಮಾತ್ರ ಮೊದಲಿನಷ್ಟೇ. ನಾಕನೇ ದಿನ ಕೆರಿ ಕಟ್ಟಿ ಮ್ಯಾಲೆ ಬೆವತು, ಕೈ ನಡುಗಿ, ಕಣ್ಣಿಗಿ ಕತ್ತಲಿ ಬಂದು ಕುಂತಳು. ಬಾಜೂಕಿದ್ದಾಕಿ ಚೀಲದಾಗಿನ ಸಕ್ಕರಿ ಬಾಯಿಗಿ ಹಾಕಿದ್ಲು, ಹತ್ತು ನಿಮಿಷಕ್ಕ ಮಾತಾಡಿದಳು. ದವಾಖಾನ್ಯಾಗ ಡಾಕ್ಟರ್ ಹೇಳಿದ್ದು ಇಷ್ಟೇ: ಊಟ ಬದಲ ಮಾಡೋದಿದ್ರ ಗುಳಿಗೀದೂ ಲೆಕ್ಕ ಬದಲ ಆಗ್ಬೇಕು, ಮೊದ್ಲು ಕೇಳ್ರಿ. ಶುಗರ್, ಬಿ.ಪಿ. ಗುಳಿಗಿ ನುಂಗೋ ಎಲ್ಲಾ ಅಕ್ಕಂದಿರು, ವೈನಿಯೋರು ಇದೊಂದು ಮಾತು ನೆನಪಿಡ್ರಿ.

ಮೈ ಹಿಂಗ್ಯಾಕ ಜಿಪುಣ ಆಗ್ತದ? ಹಸಿವಿನ ಕಾಲ ನಮ್ಮ ಸೀಮಿಗಿ ಹೊಸದಲ್ಲ. ಆರು ನೂರು ವರ್ಷದ ಹಿಂದ ಬಹಮನಿ ಸುಲ್ತಾನರು ಇದೇ ಕಲಬುರಗಿ ಕ್ವಾಟಿಯಿಂದ ಆಳುವಾಗ ದೊಡ್ಡ ಬರ ಬಿತ್ತು. ಎರಡನೇ ಮಹಮ್ಮದ್ ಶಹಾ ಹತ್ತು ಸಾವಿರ ಎತ್ತು ಕಟ್ಟಿಸಿ ಮಾಳ್ವಾ, ಗುಜರಾತದಿಂದ ಕಾಳು ತರಿಸಿದ ಅಂತ ಫಿರಿಶ್ತಾ ಬರ್ದಾನ. 1876ರಿಂದ 78ರ ಬರ, 1972ರ ಬರ. ಎಪ್ಪತ್ತೆರಡರ ಮಾತು ಬಂದ್ರ ನಮ್ಮ ಅವ್ವ ತಾಟಿನ್ಯಾಗಿನ ಒಂದು ಅಗಳೂ ಬಿಡಗೊಡ್ತಿರಲಿಲ್ಲ. ಬರದಾಗ ಉಳಿಯಾಕ ಕೊಬ್ಬು ಹಿಡಿಯೋ ಗುಣ ಮೈಗಿ ಬಂದಿರಬೇಕು ಅಂತ 1962ರಾಗ ಜೇಮ್ಸ್ ನೀಲ್ ಅನ್ನೋವ ಒಂದು ವಿಚಾರ ಮುಂದಿಟ್ಟ. ಅದರ ಬಗ್ಗೆ ಪಂಡಿತರು ಇನ್ನೂ ಜಗಳಾಡ್ತಾರ, ಆದ್ರ ಊಟ ಇಳಿಸಿದ್ರ ಮೈ ಖರ್ಚು ಇಳಿಸ್ತದ ಅನ್ನೋದರಾಗ ಜಗಳಿಲ್ಲ.

ಅದಕ್ಕೇ "ದಿನಾ ಇಷ್ಟು ಕಮ್ಮಿ ತಿಂದ್ರ ತಿಂಗಳಿಗಿ ಇಷ್ಟು ಕಿಲೋ" ಅನ್ನೋ ಜಾಹೀರಾತಿನ ಲೆಕ್ಕ ಕೂಡಿ ಬರಲ್ಲ. ಆ ಲೆಕ್ಕದ ಬೇರು 1958ರಾಗ ಮ್ಯಾಕ್ಸ್ ವಿಷ್ನೋಫ್ಸ್ಕಿ ಅನ್ನೋ ಡಾಕ್ಟರ್ ಹೇಳಿದ ಒಂದು ಮಾತು, ಒಂದು ಪೌಂಡಿಗಿ 3,500 ಕ್ಯಾಲರಿ. ತಪ್ಪಲ್ಲ, ಆದ್ರ ಮೈ ಬದಲ ಆಗ್ತದ ಅನ್ನೋದನ್ನ ಅದು ಹಿಡಿಯಲಿಲ್ಲ. 2011ರಾಗ ಕೆವಿನ್ ಹಾಲ್ ಮತ್ತ ಅವರ ಜೋಡಿಯೋರು ಲ್ಯಾನ್ಸೆಟ್ ಪತ್ರಿಕ್ಯಾಗ ಹೊಸ ಲೆಕ್ಕ ಕೊಟ್ಟರು: ಊಟದಾಗ ಒಂದು ಸಣ್ಣ ಬದಲು ಮಾಡಿ ಹಂಗೇ ನಡಸ್ಕೊಂಡು ಹೋದ್ರ, ಆಗಬೇಕಾದ ಇಳಿತದ ಅರ್ಧ ಆಗಾಕ ಒಂದು ವರ್ಷ, ಪೂರಾ ಆಗಾಕ ಹತ್ತಿರ ಹತ್ತಿರ ಮೂರು ವರ್ಷ. ನಾವು ಮೂರು ವಾರಕ್ಕ ಚಪ್ಪಲಿ ಮೂಲಿಗಿಟ್ಟೀವಿ.

ಈಗ ನಮ್ಮ ಗುಂಪಿನ್ಯಾಗ ದಿನಾ ಕಾಟಾ ಹತ್ತೋದು ಬಂದ್. ರವಿವಾರ ಮುಂಜಾನಿ, ಬಯಲಕಡಿಗಿ ಹೋಗಿ ಬಂದು, ಚಾ ಕುಡಿಯೋಕಿಂತ ಮೊದ್ಲು, ಒಂದೇ ಸಲ. ಒಂದು ವಾರದ ನಂಬರ್‌ಗಿ ಅಳೋದಿಲ್ಲ, ತಿಂಗಳಿಗೊಮ್ಮಿ ತಾಳಿ ನೋಡೋದು. ಜೋಡಿಗಿ ಟೇಲರನ ಟೇಪು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ನಡು 80 ಸೆಂಟಿಮೀಟರ್ ದಾಟಬಾರ್ದು ಅಂತ ಡಾಕ್ಟರ್ ಮಂದಿ 2009ರಾಗ ಕೂಡಿ ಹೇಳ್ಯಾರ. ನಮ್ಮೈದು ಮಂದ್ಯಾಗ ಒಬ್ಬಾಕಿನೂ ಅದರ ಒಳಗಿಲ್ಲ, ನಗಬ್ಯಾಡ್ರಿ. ಕಾಟಾ ನಿಂತಿದ್ರೂ ಇಬ್ಬರ ಜಂಪರ್ ಸಡಿಲ ಆಗ್ಯಾವ. ರೊಟ್ಟಿ ಬಿಟ್ಟಿಲ್ಲ, ಮೂರರ ಜಾಗಕ್ಕ ಎರಡು. ಪುಂಡಿಪಲ್ಯ, ಬ್ಯಾಳಿ ಜಾಸ್ತಿ. ಹಿಂಡಿಗಿ ಎಣ್ಣಿ ಬದಲ ಮೊಸರು.

ಇನ್ನ ಕಮಲಾಪುರದ ಕೆಂಪು ಬಾಳಿಹಣ್ಣಿನ ಮಾತು. ನಮ್ಮ ತವರಿನ ಹಣ್ಣು, ಭೌಗೋಳಿಕ ಗುರುತು ಸಿಕ್ಕಿದ್ದು, ನನಗೂ ಅಭಿಮಾನ ಅದ. ಕೆಂಪು ಹಣ್ಣು ತಿಂದ್ರ ತೂಕ ಏರಲ್ಲ ಅಂತ ಯಾರೋ ಹೇಳ್ಯಾರಂತ, ಒಬ್ಬಾಕಿ ಡಜನ್ ತರಿಸ್ಯಾಳ. ಕೆಂಪಿರ್ಲಿ, ಹಳದಿ ಇರ್ಲಿ, ಬಾಳಿಹಣ್ಣು ಬಾಳಿಹಣ್ಣೇ ರೀ. ಒಂದು ನೀವು ತಿನ್ರಿ, ಉಳದದ್ದು ನಮ್ಮ ಮನಿಗಿ ಕಳಿಸ್ರಿ, ಹುಡುಗರು ಅದಾವ.