ಚರ್ಚಿನ ಆಡಳಿತದಲ್ಲಿ ಶ್ರೀಸಾಮಾನ್ಯ ಮಹಿಳೆ: ದಾರಿ ಎಲ್ಲಿದೆ, ತಡೆ ಎಲ್ಲಿದೆ?

ಬಂಡೂರು ಅಂದ ಕೂಡಲೇ ರಾಜ್ಯಕ್ಕೆಲ್ಲ ನೆನಪಾಗೋದು ಕುರಿ. ಚರ್ಚಿನ ಭಾಷೆಯಲ್ಲೂ ಭಕ್ತರು ಮಂದೆ, ಗುರುಗಳು ಕುರುಬರು. ಹೋಲಿಕೆ ಚೆಂದ ಇದೆ, ಆದರೆ ಮಂದೆಗೆ ವೋಟು ಇರಲ್ಲ ಅನ್ನೋದೇ ನನ್ನ ತಕರಾರು.

ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ 1983ರ ಕಾಯ್ದೆ ಶೇ. 25ರಷ್ಟು ಮೀಸಲಾತಿ ಕೊಟ್ಟಿತು. 2010ರಲ್ಲಿ ಅದು ಶೇ. 50 ಆಯ್ತು. ಹಾಗಾಗಿ ಮಳವಳ್ಳಿ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಪಂಚಾಯಿತಿ ಅಧ್ಯಕ್ಷೆ ಆದರೆ ಈಗ ಯಾರೂ ಹುಬ್ಬೇರಿಸಲ್ಲ. ಅವಳೇ ಕ್ಯಾಥೊಲಿಕ್ ಆಗಿದ್ದು, ಚರ್ಚಿನ ದುಡ್ಡು, ಶಾಲೆ, ಜಮೀನಿನ ತೀರ್ಮಾನದಲ್ಲಿ ಕೂರಬೇಕು ಅಂದರೆ?

ಮಂಡ್ಯ ಜಿಲ್ಲೆಯ ಲ್ಯಾಟಿನ್ ವಿಧಿಯ ಕ್ಯಾಥೊಲಿಕರು ಮೈಸೂರು ಧರ್ಮಕ್ಷೇತ್ರಕ್ಕೆ ಸೇರುತ್ತಾರೆ. ಸಿರೋ-ಮಲಬಾರ್ ವಿಧಿಯವರಿಗೆ 2010ರಿಂದ ಮಂಡ್ಯದ ಹೆಸರಲ್ಲೇ ಪ್ರತ್ಯೇಕ ಧರ್ಮಕ್ಷೇತ್ರವಿದೆ, ಅವರ ಕಾನೂನು ಸಂಹಿತೆಯೂ ಬೇರೆ. ಲ್ಯಾಟಿನ್ ವಿಧಿಯವರಿಗೆ ಅನ್ವಯಿಸುವ 1983ರ ಸಂಹಿತೆಯನ್ನೇ ನೋಡೋಣ. ಊರ ಚರ್ಚಿನ ಪಾಲನಾ ಪರಿಷತ್ತಿಗೆ ಮಹಿಳೆ ಬರಬಹುದು, ಆದರೆ ಆ ಪರಿಷತ್ತು ಸಲಹೆಯಷ್ಟೇ ಕೊಡಬಲ್ಲದು (ನಿಯಮ 536). ಚರ್ಚಿನ ಪರವಾಗಿ ಸಹಿ ಹಾಕೋದು ಫಾದರ್. ಇಲ್ಲಿಗೇ ತೃಪ್ತಿಪಟ್ಟುಕೊಂಡವರು ಹಬ್ಬದ ಊಟದ ಉಸ್ತುವಾರಿಯಲ್ಲೇ ಉಳಿದುಬಿಡುತ್ತಾರೆ.

ನಿಜವಾದ ಅಧಿಕಾರ ಇರೋದು ಧರ್ಮಕ್ಷೇತ್ರದ ಹಣಕಾಸು ಸಮಿತಿಯಲ್ಲಿ. ಹಣಕಾಸು ಮತ್ತು ಸಿವಿಲ್ ಕಾನೂನು ಬಲ್ಲ ಕನಿಷ್ಠ ಮೂವರು ಭಕ್ತರು ಅದರಲ್ಲಿರಬೇಕು, ಅವಧಿ 5 ವರ್ಷ, ಬಿಷಪ್ಪರ ಹತ್ತಿರದ ಸಂಬಂಧಿಕರು ಇರಕೂಡದು (ನಿಯಮ 492). ಈ ಕೊನೆಯ ಷರತ್ತನ್ನ ನಮ್ಮ ಸಹಕಾರ ಸಂಘಗಳೂ ಕಲಿಯಬಹುದು ಬಿಡಿ! ಅಸಾಮಾನ್ಯ ಸ್ವರೂಪದ ಆಸ್ತಿ ವ್ಯವಹಾರಗಳಿಗೆ ಈ ಸಮಿತಿಯ ಸಲಹೆ ಸಾಲದು, ಒಪ್ಪಿಗೆಯೇ ಬೇಕು (ನಿಯಮ 1277). ಸದಸ್ಯೆ ಗುರುವೋ ಕನ್ಯಾಸ್ತ್ರೀಯೋ ಆಗಿರಬೇಕಿಲ್ಲ. ಚಾರ್ಟರ್ಡ್ ಅಕೌಂಟೆಂಟ್, ವಕೀಲೆ ಆಗಿದ್ದರೆ ಸಾಕು. ಧರ್ಮಕ್ಷೇತ್ರದ ಚಾನ್ಸಲರ್, ಹಣಕಾಸು ಅಧಿಕಾರಿ, ಚರ್ಚ್ ನ್ಯಾಯಮಂಡಳಿಯ ನ್ಯಾಯಾಧೀಶೆ — ಈ ಹುದ್ದೆಗಳಿಗೂ ಕಾನೂನಿನ ಅಡ್ಡಿಯಿಲ್ಲ. ಆದರೆ ಸಮಿತಿಗೂ ಹುದ್ದೆಗೂ ಹೆಸರಿಸುವವರು ಬಿಷಪ್. ಚುನಾವಣೆಯೂ ಇಲ್ಲ, ಮೀಸಲಾತಿಯೂ ಇಲ್ಲ. ತಡೆ ಇರೋದು ಇಲ್ಲೇ.

ಪ್ರಾಟೆಸ್ಟೆಂಟರ ಸಿಎಸ್ಐ ಸಭೆಯದ್ದು ಬೇರೆ ಕಥೆ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಈ ಸಭೆಯಲ್ಲಿ ಊರಿನ ಕಮಿಟಿ, ಡಯಾಸಿಸ್ ಕೌನ್ಸಿಲ್, ಸಿನಡ್ ಅಂತ ಮೆಟ್ಟಿಲುಗಳಿವೆ, ಚುನಾವಣೆಗಳಿವೆ. 2000ದ ದಶಕದಲ್ಲಿ ಪಾಲಿನ್ ಸತ್ಯಮೂರ್ತಿ ಸಿನಡ್‌ನ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಚುನಾವಣೆ ಅಂದಮೇಲೆ ಬಣ, ಜಾತಿ, ಕೋರ್ಟು ಎಲ್ಲ ಇರುತ್ತೆ. ಆದರೂ ನನಗೆ ಇದೇ ಮೇಲು: ಸೋತವಳು ಮುಂದಿನ ಸಲ ನಿಲ್ಲಬಹುದು.

ಭಾರತಕ್ಕೆ ಇದು ಹೊಸದೇನಲ್ಲ. ಲಖನೌದ ಇಸಬೆಲ್ಲಾ ಥೊಬರ್ನ್ ಕಾಲೇಜಿನ ಪ್ರಾಂಶುಪಾಲೆ ಸಾರಾ ಚಾಕೊ 1951ರಲ್ಲೇ ಚರ್ಚುಗಳ ವಿಶ್ವ ಮಂಡಳಿಯ ಅಧ್ಯಕ್ಷರಲ್ಲಿ ಒಬ್ಬರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಆಕೆ.

ರೋಮ್ ನಿಧಾನ. 2022ರ ಸಂವಿಧಾನ ಶ್ರೀಸಾಮಾನ್ಯರೂ ವ್ಯಾಟಿಕನ್ ಇಲಾಖೆಗಳ ಮುಖ್ಯಸ್ಥರಾಗಬಹುದು ಎಂದಿತು. 2023ರ ಸಿನಡ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರು ಮತ ಹಾಕಿದರು, 54 ಮಂದಿ. 2024ರ ಅಂತಿಮ ದಾಖಲೆ, ನಾಯಕತ್ವ ವಹಿಸದಂತೆ ಮಹಿಳೆಯರನ್ನು ತಡೆಯಲು ಕಾರಣವೇ ಇಲ್ಲ ಅಂತ ಬರೆಯಿತು. ಅದನ್ನ ಜಾರಿಗೆ ತರಬೇಕಾದ್ದು ಆಯಾ ಬಿಷಪ್ಪರು. ಅದಕ್ಕೆ ಬಜೆಟ್ಟೂ ಬೇಡ, ತಿದ್ದುಪಡಿಯೂ ಬೇಡ, ಒಂದು ನೇಮಕಾತಿ ಪತ್ರ ಸಾಕು.