ಹಿಂತಿರುಗಿಸಿದ ಹಣ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಯಲ್ಲಿರುವ ಹೋಬಳಿ. ಇಂಥ ಊರುಗಳ ವರದಿಗಾರನಿಗೆ ಪತ್ರಿಕೆಯಿಂದ ಸಿಗುವ ಸಂಭಾವನೆ ಅಲ್ಪ. ಎಷ್ಟೋ ಕಡೆ ಸುದ್ದಿ ಬರೆಯುವವನೇ ಜಾಹೀರಾತನ್ನೂ ತರಬೇಕು. ಯಾರನ್ನು ಪ್ರಶ್ನಿಸಬೇಕೋ ಅವರ ಮುಂದೆಯೇ ಕೈಚಾಚಬೇಕಾದಾಗ ಬರವಣಿಗೆಯ ಗತಿ ಏನು? ಈ ಇಕ್ಕಟ್ಟನ್ನು ನೂರು ವರ್ಷಗಳ ಹಿಂದೆಯೇ ಎದುರಿಸಿದವರು ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ.

ಡಿವಿಜಿ ಎಂದೊಡನೆ ನಮಗೆ ನೆನಪಾಗುವುದು ‘ಮಂಕುತಿಮ್ಮನ ಕಗ್ಗ’. ಆದರೆ ಅವರು ಆರಿಸಿಕೊಂಡ ವೃತ್ತಿ ಪತ್ರಿಕೋದ್ಯಮ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತ್ತು. ಆ ಕಾನೂನಿನ ನೆರಳಿನಲ್ಲೇ 1913ರಲ್ಲಿ ಅವರು ಬೆಂಗಳೂರಿನಿಂದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಇಬ್ಬರಲ್ಲೂ ಪರಸ್ಪರ ಗೌರವವಿತ್ತು, ಸ್ನೇಹವಿತ್ತು.

ದಸರಾ ಸಂದರ್ಭದಲ್ಲಿ ಪತ್ರಕರ್ತರಿಗೆಂದು ಸರ್ಕಾರ ಕೊಟ್ಟ ಹಣವನ್ನು ಡಿವಿಜಿ ಹಿಂತಿರುಗಿಸಿದ ಪ್ರಸಂಗ ಪ್ರಸಿದ್ಧ. ಗಮನಿಸಬೇಕು, ಅದು ಲಂಚವಲ್ಲ. ಬಹಿರಂಗವಾಗಿ ಕೊಟ್ಟದ್ದು, ಕೊಟ್ಟವರು ಪ್ರಾಮಾಣಿಕರು. ತೆಗೆದುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕೆಟ್ಟವರ ಹಣವನ್ನು ಬೇಡವೆನ್ನುವುದು ಸುಲಭ. ಒಳ್ಳೆಯವರು ವಿಶ್ವಾಸದಿಂದ ಕೊಟ್ಟದ್ದನ್ನು ಬೇಡವೆನ್ನುವುದು ಕಷ್ಟ. ಆದರೆ ಇಂದು ಸೌಜನ್ಯಕ್ಕೆ ಪಡೆದದ್ದು ನಾಳೆ ಟೀಕಿಸಬೇಕಾದಾಗ ದಾಕ್ಷಿಣ್ಯವಾಗಿ ಅಡ್ಡ ನಿಲ್ಲುತ್ತದೆ. ಓದುಗನಿಗೆ ಆ ದಾಕ್ಷಿಣ್ಯ ಕಾಣುವುದಿಲ್ಲ. ಬರೆಯದೆ ಬಿಟ್ಟ ಸಾಲು ಅಚ್ಚಾಗುವುದಿಲ್ಲವಲ್ಲ.

ಈ ನಿಷ್ಠೆಗೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಮನೆಯಿಂದಾಚೆ ಉಟ್ಟು ಹೋಗಲು ಹರಿಯದ ಸೀರೆಯಿಲ್ಲದೆ, ಗಂಡನ ಹೆಸರಿಗೆ ಕುಂದು ಬಾರದಿರಲೆಂದು ಪತ್ನಿ ಭಾಗೀರಥಮ್ಮನವರು ಬಂಧುಗಳ ಸಮಾರಂಭಕ್ಕೆ ಹೋಗದೆ ಉಳಿದರೆಂಬ ಮಾತು ಇಂದಿಗೂ ಪ್ರಚಲಿತ. ಡಿವಿಜಿಯವರ ತ್ಯಾಗವನ್ನು ಹೊಗಳುವ ನಾವು ಆ ತಾಯಿಯ ಪಾಲನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ತೊಂಬತ್ತು ಸಾವಿರ ರೂಪಾಯಿ ನಿಧಿ ಅರ್ಪಿಸಿತು. ಆಗ ಅವರಿಗೆ ಎಂಬತ್ತು ದಾಟಿತ್ತು.  ಆ ಹಣವನ್ನು ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು.

ಎಲ್ಲ ವರದಿಗಾರರೂ ಡಿವಿಜಿಯಾಗಲಿ ಎಂದು ಉಪದೇಶಿಸುವುದು ಸುಲಭ. 2009ರ ಚುನಾವಣೆಯ ನಂತರ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ ವಿಚಾರಣೆ ನಡೆಸಬೇಕಾಯಿತು. ಗಡಿ ಹೋಬಳಿಯ ವರದಿಗಾರ ನೆಟ್ಟಗೆ ನಿಲ್ಲಬೇಕಾದರೆ ಅವನ ಮನಸ್ಸಾಕ್ಷಿಯೊಂದೇ ಸಾಲದು. ಅವನಿಗೆ ಪತ್ರಿಕೆ ನ್ಯಾಯವಾದ ಸಂಬಳ ಕೊಡಬೇಕು, ಓದುಗ ಪತ್ರಿಕೆಗೆ ನ್ಯಾಯವಾದ ಬೆಲೆ ಕೊಡಬೇಕು. ಇಲ್ಲದಿದ್ದರೆ ನಾವು ಅಗ್ಗವಾಗಿ ಓದುವ ಸತ್ಯದ ಬೆಲೆಯನ್ನು ಯಾವುದೋ ಮನೆಯ ಹರಿದ ಸೀರೆ ತೆರುತ್ತಿರುತ್ತದೆ.