ಬೈಕ್‌ ಬ್ರೇಕ್ ಲೈಟ್ ಉರಿಯದಿದ್ದರೆ ಫ್ಯೂಸ್‌ಗೆ ಸಿಗರೇಟ್ ಪ್ಯಾಕಿನ ಹಾಳೆ ಸುತ್ತಬಹುದೇ?

"ಬ್ರೇಕ್ ಲೈಟ್ ಉರಿಯುತ್ತಿಲ್ಲವೇ? ಬಲ್ಬ್ ಬದಲಿಸಿ. ಆಗಲೂ ಉರಿಯದಿದ್ದರೆ ಫ್ಯೂಸ್‌ಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ. ಮೆಕ್ಯಾನಿಕ್ ಖರ್ಚು ಉಳಿಯುತ್ತದೆ." ಬೈಕ್ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಆಗಾಗ ಓಡಾಡುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ಚುಟುಕಾಗಿ ಹೇಳುವುದಾದರೆ, ಸಲಹೆಯ ಮೊದಲ ಭಾಗ ಅರ್ಧ ಸತ್ಯ. ಎರಡನೆಯ ಭಾಗ ತಪ್ಪು ಮಾತ್ರವಲ್ಲ, ಅಪಾಯಕಾರಿ.

ಒಂದೇ ಬಲ್ಬ್, ಎರಡು ಕೆಲಸ

ಎಲ್‌ಇಡಿ ಇಲ್ಲದ ಬಹುತೇಕ ಬೈಕ್‌ಗಳ ಹಿಂಭಾಗದಲ್ಲಿ 12 ವೋಲ್ಟ್, 21/5 ವ್ಯಾಟ್‌ನ ಒಂದೇ ಬಲ್ಬ್ ಇರುತ್ತದೆ. ಅದರೊಳಗೆ ಎರಡು ತಂತುಗಳು. 5 ವ್ಯಾಟ್‌ನದ್ದು ಟೇಲ್ ಲೈಟ್‌ಗೆ, 21 ವ್ಯಾಟ್‌ನದ್ದು ಬ್ರೇಕ್ ಲೈಟ್‌ಗೆ. ಹಾಗಾಗಿ ಒಂದು ತಂತು ತುಂಡಾದರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ಟೇಲ್ ಲೈಟ್ ಉರಿಯುತ್ತಿದೆ ಎಂದ ಮಾತ್ರಕ್ಕೆ ಬ್ರೇಕ್ ಲೈಟೂ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಬಲ್ಬ್‌ನ ಬುಡದಲ್ಲಿರುವ ಎರಡು ಚಿಕ್ಕ ಮೊಳೆಗಳು ಸಮ ಎತ್ತರದಲ್ಲಿರುವುದಿಲ್ಲ. ಬಲ್ಬ್ ಒಂದೇ ದಿಕ್ಕಿನಲ್ಲಿ ಕೂರಲಿ ಎಂದೇ ಹಾಗೆ ಮಾಡಿದ್ದಾರೆ. ಬಲವಂತವಾಗಿ ತಿರುಗಿಸಿ ಕೂರಿಸಿದರೆ ಸಂಪರ್ಕ ಅದಲುಬದಲಾಗಿ, ಟೇಲ್ ಲೈಟ್ ಯಾವಾಗಲೂ ಪ್ರಖರವಾಗಿ ಉರಿದು ಬ್ರೇಕ್ ಒತ್ತಿದ್ದು ಹಿಂದಿನವರಿಗೆ ಗೊತ್ತಾಗದೇ ಹೋಗಬಹುದು.

ಲಕ್ಷಣ ನೋಡಿ, ಕಾರಣ ಹುಡುಕಿ

ಬಲ್ಬ್ ಕೊಳ್ಳುವ ಮೊದಲು ಕೀ ಆನ್ ಮಾಡಿ ಎರಡು ನಿಮಿಷ ಪರೀಕ್ಷಿಸಿ.

- ಕೈ ಬ್ರೇಕ್ ಹಿಡಿದರೆ ಉರಿಯುತ್ತದೆ, ಕಾಲಿನ ಬ್ರೇಕ್ ಒತ್ತಿದರೆ ಇಲ್ಲ: ಬಲ್ಬ್ ಸರಿಯಿದೆ. ಎರಡೂ ಬ್ರೇಕ್‌ಗಳಿಗೆ ಬೇರೆ ಬೇರೆ ಸ್ವಿಚ್ ಇರುತ್ತವೆ. ಪೆಡಲ್ ಸ್ವಿಚ್‌ನ ಸ್ಪ್ರಿಂಗ್ ಕಳಚಿದೆಯೇ, ಕೆಸರು ಹಿಡಿದಿದೆಯೇ ನೋಡಿ. ಹಿಂದಿನ ಬ್ರೇಕ್ ಟೈಟ್ ಮಾಡಿಸಿದ ಮೇಲೆ ಈ ಸ್ವಿಚ್ಚನ್ನೂ ಹೊಂದಿಸಬೇಕಾಗಬಹುದು.
- ಬ್ರೇಕ್ ಬಿಟ್ಟರೂ ಲೈಟ್ ಆರುವುದಿಲ್ಲ: ಪೆಡಲ್ ಪೂರ್ತಿ ಮೇಲಕ್ಕೆ ಬರುತ್ತಿಲ್ಲ, ಇಲ್ಲವೇ ಯಾವುದೋ ಒಂದು ಸ್ವಿಚ್ ಸಿಕ್ಕಿಕೊಂಡಿದೆ.
- ಎರಡೂ ಬ್ರೇಕ್‌ಗೆ ಉರಿಯುವುದಿಲ್ಲ, ಟೇಲ್ ಲೈಟ್ ಸರಿಯಿದೆ: ಬಲ್ಬ್ ತೆಗೆದು ದಪ್ಪ ತಂತು ತುಂಡಾಗಿದೆಯೇ ನೋಡಿ. ಹಾರ್ನ್ ಕೂಡ ಕೆಲಸ ಮಾಡದಿದ್ದರೆ ಫ್ಯೂಸ್ ಮೇಲೆ ಅನುಮಾನ ಪಡಿ. ಅನೇಕ ಬೈಕ್‌ಗಳಲ್ಲಿ ಇವೆರಡಕ್ಕೂ ಒಂದೇ ಫ್ಯೂಸ್.
- ಎಂಜಿನ್ ಆಫ್ ಇದ್ದಾಗ ಟೇಲ್ ಲೈಟ್ ಇಲ್ಲ, ಬ್ರೇಕ್ ಲೈಟ್ ಇದೆ: ಹಳೆಯ ಅನೇಕ ಬೈಕ್‌ಗಳಲ್ಲಿ ಇದು ದೋಷವೇ ಅಲ್ಲ. ಅವುಗಳಲ್ಲಿ ಹೆಡ್‌ಲೈಟ್ ಮತ್ತು ಟೇಲ್ ಲೈಟ್‌ಗೆ ಎಂಜಿನ್ ಓಡುವಾಗ ಮಾತ್ರ ಕರೆಂಟ್ ಸಿಗುತ್ತದೆ. ಬ್ರೇಕ್ ಲೈಟ್‌ಗೆ ಬ್ಯಾಟರಿಯಿಂದ ಬರುತ್ತದೆ.

ಹೊಸ ಬಲ್ಬ್ ಹಾಕಿದರೂ ಮಂಕಾಗಿಯೇ ಉರಿಯುತ್ತದೆಯೇ?

ಬ್ರೇಕ್ ಒತ್ತಿದಾಗ ಬೆಳಕು ಹೆಚ್ಚುವ ಬದಲು ಕಡಿಮೆಯಾಗುತ್ತದೆ, ಅಥವಾ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಮಿಣುಕುತ್ತದೆ. ಇಂಥ ವಿಚಿತ್ರಗಳಿಗೆ ಮೊದಲು ಅನುಮಾನಿಸಬೇಕಾದ್ದು ಅರ್ಥಿಂಗ್ ವೈರನ್ನು. ಎರಡೂ ತಂತುಗಳ ಕರೆಂಟ್ ಬಲ್ಬ್‌ನ ಲೋಹದ ಬುಡದ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಆ ದಾರಿ ತುಕ್ಕು ಹಿಡಿದು ಅಥವಾ ಸಡಿಲಾಗಿ ಮುಚ್ಚಿದರೆ, ಕರೆಂಟ್ ಪಕ್ಕದ ತಂತುವಿನ ಮೂಲಕ ಬೇರೆ ದೀಪಗಳತ್ತ ನುಗ್ಗಿ ದಾರಿ ಹುಡುಕುತ್ತದೆ. ಆಗ ಎಲ್ಲವೂ ಅರೆಬರೆ ಉರಿಯುತ್ತವೆ. ಇದಕ್ಕೆ ಎಷ್ಟು ಬಲ್ಬ್ ಬದಲಿಸಿದರೂ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಒಂದು ವೈರ್ ತುಂಡಿನ ಒಂದು ತುದಿಯನ್ನು ಬಲ್ಬ್ ಹೋಲ್ಡರ್‌ನ ಲೋಹದ ಭಾಗಕ್ಕೂ, ಇನ್ನೊಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಮುಟ್ಟಿಸಿ. ಲೈಟ್ ಸರಿಯಾಗಿ ಉರಿದರೆ ದೋಷ ಅರ್ಥಿಂಗ್‌ನದ್ದೇ. ಹೋಲ್ಡರ್ ಒಳಗಿನ ತುಕ್ಕನ್ನು ಉಪ್ಪು ಕಾಗದದಿಂದ ಉಜ್ಜಿ, ವೈರ್ ಬಿಗಿ ಮಾಡಿ. ಉಜ್ಜುವಾಗ ಕೀ ಆಫ್ ಇರಲಿ.

ಬೆಳ್ಳಿ ಹಾಳೆ ಏಕೆ ಬೇಡ?

21 ವ್ಯಾಟ್‌ನ ಬ್ರೇಕ್ ಲೈಟ್ 12 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 1.75 ಆಂಪಿಯರ್ ಮಾತ್ರ. ಇಷ್ಟಕ್ಕೆ ಫ್ಯೂಸ್ ಸುಡುವುದಿಲ್ಲ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ, ಎಲ್ಲೋ ವೈರ್‌ನ ಸಿಪ್ಪೆ ಸವೆದು ಒಳಗಿನ ತಾಮ್ರ ಚಾಸಿಗೆ ತಾಗುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಅಂದರೆ ಶಾರ್ಟ್ ಸರ್ಕ್ಯೂಟ್. ಕರೆಂಟ್ ಮಿತಿ ಮೀರಿದಾಗ ತಾನು ಸುಟ್ಟು ವೈರಿಂಗ್ ಉಳಿಸುವುದೇ ಫ್ಯೂಸ್‌ನ ಕೆಲಸ. ಅದಕ್ಕೆ ಬೆಳ್ಳಿ ಹಾಳೆ ಸುತ್ತಿದರೆ ಆ ಮಿತಿಯೇ ಇಲ್ಲವಾಗುತ್ತದೆ. ಆಗ ಫ್ಯೂಸ್ ಬದಲು ವೈರ್ ಕಾಯುತ್ತದೆ, ಅದರ ಪ್ಲಾಸ್ಟಿಕ್ ಕರಗುತ್ತದೆ. ಬೈಕ್‌ನ ವೈರ್‌ಗಳ ಕಟ್ಟು ಹಾದು ಹೋಗುವುದು ಸೀಟಿನ ಕೆಳಗೆ ಮತ್ತು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಬೆಂಕಿ ಹೊತ್ತಿಕೊಳ್ಳಲು ಅದಕ್ಕಿಂತ ಕೆಟ್ಟ ಜಾಗ ಬೈಕ್‌ನಲ್ಲಿ ಇನ್ನೊಂದಿಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ಫ್ಯೂಸ್ ಸುಡುತ್ತಿದ್ದರೆ, ಬ್ರೇಕ್ ಸ್ವಿಚ್‌ನಿಂದ ಹಿಂದಿನ ಲೈಟ್‌ವರೆಗಿನ ವೈರನ್ನು ಮೊದಲು ನೋಡಿ. ಸೀಟಿನ ಕೆಳಗೆ, ಮಡ್‌ಗಾರ್ಡ್‌ನ ತಿರುವಿನಲ್ಲಿ ವೈರ್ ಉಜ್ಜಿಕೊಳ್ಳುವುದು ಸಾಮಾನ್ಯ. ಅನೇಕ ಬೈಕ್‌ಗಳ ಫ್ಯೂಸ್ ಬಾಕ್ಸ್‌ನಲ್ಲೇ ಒಂದು ಸ್ಪೇರ್ ಫ್ಯೂಸ್ ಇರುತ್ತದೆ. ಬದಲಿಸುವಾಗ ಅಷ್ಟೇ ಆಂಪಿಯರ್‌ನದ್ದನ್ನು ಹಾಕಿ. ಅದೂ ಸುಟ್ಟರೆ ಮತ್ತೆ ಪ್ರಯತ್ನಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಇದು ಸಣ್ಣ ವಿಷಯವಲ್ಲ

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ನೀವು ಬ್ರೇಕ್ ಹಾಕಿದ್ದು ಹಿಂದಿನ ಲಾರಿ ಚಾಲಕನಿಗೆ ಒಂದು ಸೆಕೆಂಡ್ ತಡವಾಗಿ ಗೊತ್ತಾದರೆ, ಅಷ್ಟು ದೂರ ಅವನು ಬ್ರೇಕ್ ಮುಟ್ಟದೆಯೇ ನಿಮ್ಮ ಹತ್ತಿರ ಬಂದಿರುತ್ತಾನೆ. ಸವಾರನಿಗೆ ತನ್ನ ಬ್ರೇಕ್ ಲೈಟ್ ಕಾಣುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಸಂಜೆ ಬೈಕ್‌ನ ಹಿಂಭಾಗವನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಎರಡೂ ಬ್ರೇಕ್‌ಗಳನ್ನು ಬೇರೆ ಬೇರೆಯಾಗಿ ಒತ್ತಿ, ಗೋಡೆಯ ಮೇಲೆ ಕೆಂಪು ಬೆಳಕು ಹೆಚ್ಚುತ್ತದೆಯೇ ನೋಡಿ.

ನಮ್ಮ ತೀರ್ಮಾನ: ಬ್ರೇಕ್ ಲೈಟ್ ಉರಿಯದಿರಲು ಬಲ್ಬ್ ಒಂದೇ ಕಾರಣವಲ್ಲ. ಸ್ವಿಚ್, ಅರ್ಥಿಂಗ್, ಫ್ಯೂಸ್, ವೈರ್ ಯಾವುದೂ ಆಗಿರಬಹುದು. ಫ್ಯೂಸ್‌ಗೆ ಬೆಳ್ಳಿ ಹಾಳೆ ಸುತ್ತುವ ಸಲಹೆ ಅಪಾಯಕಾರಿ. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.